ಮಕ್ಕಳ ಕ್ಯಾನ್ಸರ್ ವಾಸಿಯಾದ ಮೇಲಿನ ತಪಾಸಣೆ: ಯಾದಗಿರಿಯಲ್ಲೇ ಎಷ್ಟು ಆಗುತ್ತೆ, ಯಾವುದಕ್ಕೆ ಬೆಂಗಳೂರು?

ಭೀಮಾತೀರ
ಚಿಕ್ಕಂದಿನಲ್ಲಿ ಬೆಂಗಳೂರಲ್ಲಿ ಹಾಜ್ಕಿನ್ ಲಿಂಫೋಮಾಗೋ ರಕ್ತದ ಕ್ಯಾನ್ಸರ್‌ಗೋ ಚಿಕಿತ್ಸೆ ಮುಗಿಸಿಕೊಂಡು ಬಂದವರಿಗೆ ಈಗ 17–20 ವಯಸ್ಸು. ಮಕ್ಕಳ ಒಪಿಡಿಯಲ್ಲಿ ‘ನೀನು ದೊಡ್ಡವನಾದೆ’ ಅಂತಾರೆ, ದೊಡ್ಡವರ ಒಪಿಡಿಯಲ್ಲಿ ‘ಗಡ್ಡೆ ಇಲ್ಲವಲ್ಲ, ಯಾಕೆ ಬಂದೆ’ ಅಂತಾರೆ. ಒಂದು ಸಲ ಹೋಗಿ ಬಂದರೆ ಇಬ್ಬರ ಮೂರು ದಿನದ ಕೂಲಿ ಹೋಯ್ತು. ಆಯುಷ್ಮಾನ್ ಕಾರ್ಡ್ ಎಕೋಗೆ (ಹೃದಯದ ಸ್ಕ್ಯಾನ್) ನಡೆಯಲ್ಲ. ಜಿಲ್ಲೆಯಲ್ಲೇ ಏನೇನು ಮಾಡಿಸಬಹುದು?

ಡೇಕೇರ್ ಚಾರ್ಟ್
ಟೆಸ್ಟ್ ಆಮೇಲೆ, ಮೊದಲು ಕಾಗದ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಎಬಿವಿಡಿ 6 ಸೈಕಲ್, ರೆಮಿಷನ್’ ಅಂತ ಒಂದೇ ಸಾಲು ಇರುತ್ತೆ (ಎಬಿವಿಡಿ ಅಂದರೆ ಹಾಜ್ಕಿನ್‌ಗೆ ಕೊಡುವ ನಾಲ್ಕು ಔಷಧದ ಕೀಮೋ, ರೆಮಿಷನ್ ಅಂದರೆ ಕಾಯಿಲೆ ಕಾಣದ ಸ್ಥಿತಿ). ಅದು ಸಾಲದು. ಕೀಮೋ ಚಾರ್ಟಿನ ನಕಲು ಬೇಕು. ರೇಡಿಯೇಷನ್ ಆಗಿದ್ದರೆ ಯಾವ ಭಾಗಕ್ಕೆ, ಎಷ್ಟು ಗ್ರೇ (ರೇಡಿಯೇಷನ್ನಿನ ಅಳತೆ) ಅನ್ನೋದೂ ಬೇಕು. ಹಳೇ ಆಸ್ಪತ್ರೆ ನಂಬರ್ ಹಾಕಿ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಅರ್ಜಿ ಕೊಡಿಸಿ. ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತಿದೆ. ಆದರೆ ಅದೇ ನಿಯಮ ಒಳರೋಗಿ ದಾಖಲೆಯನ್ನು ಇಟ್ಟುಕೊಳ್ಳಲು ಹೇಳಿರೋದು ಚಿಕಿತ್ಸೆ ಶುರುವಾದಾಗಿನಿಂದ 3 ವರ್ಷ ಮಾತ್ರ. ಕೆಲವು ಕೀಮೋ ಔಷಧಗಳಿಂದ ಹೃದಯಕ್ಕೆ ಆದ ಪೆಟ್ಟು ಕಾಣಿಸೋದು ಹತ್ತಿಪ್ಪತ್ತು ವರ್ಷಕ್ಕೂ ಆಗಬಹುದು, ಅಷ್ಟರಲ್ಲಿ ಫೈಲು ರದ್ದಿಗೆ ಹೋಗಿರುತ್ತೆ. ಹಾಗಾಗಿ ಈ ವಾರವೇ ಕೇಳಿ.

ಚಾರ್ಟ್ ಸಿಕ್ಕ ಮೇಲೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಅದರಲ್ಲಿ ಬರೆದಿರೋದು ಅವತ್ತು ಕೊಟ್ಟ ಮಿಲಿಗ್ರಾಂ. ನಮಗೆ ಬೇಕಾದ್ದು ಮೈಯ ವಿಸ್ತೀರ್ಣದ ಪ್ರತಿ ಚದರ ಮೀಟರಿಗೆ ಎಷ್ಟು ಅನ್ನೋದು. ವಿಸ್ತೀರ್ಣ 0.8 ಇದ್ದ ಮಗುವಿಗೆ ಡಾಕ್ಸೊರುಬಿಸಿನ್ (ಎಬಿವಿಡಿಯ ‘ಎ’, ಹೃದಯಕ್ಕೆ ಪೆಟ್ಟು ಕೊಡೋ ಔಷಧ) ಸಲಕ್ಕೆ 20 ಮಿ.ಗ್ರಾಂ, ಎಬಿವಿಡಿ 6 ಸೈಕಲ್‌ಗೆ 12 ಸಲ. ಸುಮ್ಮನೆ ಕೂಡಿದರೆ 240. ಸರಿಯಾದ ಲೆಕ್ಕ 20 ಭಾಗಿಸು 0.8, ಅಂದರೆ 25. ಇಂಟು 12 ಮಾಡಿದರೆ 300. ಗೆರೆ ಇರೋದು 250ಕ್ಕೆ. ಅದಕ್ಕಿಂತ ಕೆಳಗೆ, 100ರವರೆಗೆ, ಎಕೋ 5 ವರ್ಷಕ್ಕೊಮ್ಮೆ. 250 ಅಥವಾ ಮೇಲಿದ್ದರೆ 2 ವರ್ಷಕ್ಕೊಮ್ಮೆ. ಎದೆಗೆ ರೇಡಿಯೇಷನ್ ಕೂಡ ಆಗಿದ್ದರೆ ಈ ಲೆಕ್ಕ ಇನ್ನೂ ಬಿಗಿ. ರಕ್ತದ ಕ್ಯಾನ್ಸರ್‌ನಲ್ಲಿ ಡೌನೊರುಬಿಸಿನ್ ಕೊಟ್ಟಿದ್ದರೆ ಈಗಿನ ಪದ್ಧತಿಯಂತೆ ಅದರ ಅರ್ಧ ಹಿಡಿದು ಡಾಕ್ಸೊ ಜೊತೆ ಸೇರಿಸಿ.

ಎಕೋಗೆ ಬೆಂಗಳೂರು ಬೇಡ, ಕಲಬುರಗಿಯ ಜಯದೇವ ಸಾಕು. ಚೀಟಿಯಲ್ಲಿ ‘ಆಂಥ್ರಾಸೈಕ್ಲಿನ್ ಕೊಟ್ಟ ರೋಗಿ, ಮೊತ್ತ ಇಷ್ಟು’ ಅಂತ ಬರೆಸಿ; ಡಾಕ್ಸೊ, ಡೌನೊ ಎರಡೂ ಆ ಗುಂಪಿನವೇ. ರಿಪೋರ್ಟಲ್ಲಿ ಬರೀ ‘ನಾರ್ಮಲ್’ ಅಂತ ಗೀಚಿದ್ದರೆ ಒಪ್ಪಬೇಡಿ, ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರದೂಡುವ ರಕ್ತ ಶೇಕಡಾ ಎಷ್ಟು) ಅಂಕಿ ಬೇಕು. 64 ಇದ್ದದ್ದು 55ಕ್ಕೆ ಇಳಿದದ್ದು ಆಗಲೇ ಗೊತ್ತಾಗೋದು. ಇಸಿಜಿ ಇದಕ್ಕೆ ಬದಲಿ ಅಲ್ಲ.

ಹಾರ್ಮೋನ್ ಲ್ಯಾಬ್
ಕುತ್ತಿಗೆಗೆ ರೇಡಿಯೇಷನ್ ಆದವರಿಗೆ ವರ್ಷಕ್ಕೊಮ್ಮೆ ಟಿಎಸ್‌ಎಚ್, ಫ್ರೀ ಟಿ4 (ಥೈರಾಯ್ಡ್ ರಕ್ತಪರೀಕ್ಷೆಗಳು) ಎರಡೂ. ತಲೆಗೆ ರೇಡಿಯೇಷನ್ ಆದವರಿಗೆ ಟಿಎಸ್‌ಎಚ್ ಒಂದನ್ನೇ ಮಾಡಿಸಿ ಕೈತೊಳೆದುಕೊಳ್ಳಬೇಡಿ: ಥೈರಾಯ್ಡ್‌ಗೆ ಆಜ್ಞೆ ಕೊಡುವ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯೇ ಸೋತಿದ್ದರೆ ಟಿಎಸ್‌ಎಚ್ ನಾರ್ಮಲ್ ತೋರಿಸುತ್ತೆ, ಫ್ರೀ ಟಿ4 ಮಾತ್ರ ಬಿದ್ದಿರುತ್ತೆ. ರಕ್ತ ಯಾದಗಿರಿಯಲ್ಲೇ ಕೊಡಬಹುದು.

ದೊಡ್ಡ ಊರಿಗೆ ಹೋಗಲೇಬೇಕಾದ್ದು ಎದೆಗೆ 10 ಗ್ರೇ ಅಥವಾ ಮೇಲ್ಪಟ್ಟು ರೇಡಿಯೇಷನ್ ಆದ ಹೆಣ್ಣುಮಕ್ಕಳು. 25 ವಯಸ್ಸಿನಿಂದ, ಇಲ್ಲವೇ ರೇಡಿಯೇಷನ್ ಆಗಿ 8 ವರ್ಷಕ್ಕೆ, ಯಾವುದು ತಡವೋ ಆಗಿನಿಂದ, ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಜೊತೆ ಸ್ತನದ ಎಂಆರ್‌ಐ.

ಎಬಿವಿಡಿಯ ‘ಬಿ’ ಬ್ಲಿಯೋಮೈಸಿನ್. ಮುಂದೆ ಯಾವ ಆಪರೇಷನ್ ಆದರೂ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಬೇಕು, ಆಮ್ಲಜನಕ ಜಾಸ್ತಿ ಕೊಟ್ಟರೆ ಶ್ವಾಸಕೋಶಕ್ಕೆ ಅಪಾಯ.

ಪಾಸ್ ಕೌಂಟರ್
ದುಡ್ಡಿನ ವಿಷಯ. ಆಯುಷ್ಮಾನ್ ಪ್ಯಾಕೇಜುಗಳು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಒಪಿಡಿ ಎಕೋಗೆ ಅದನ್ನು ನೆಚ್ಚಿಕೊಂಡರೆ ಒಂದು ದಿನ ಹಾಳು. ರೈಲಿನ ರಿಯಾಯಿತಿ ಮಾತ್ರ ನಡೆಯುತ್ತೆ: ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ, ಜೊತೆಗೆ ಹೋಗುವವರಿಗೆ ಶೇ 75. ಚಿಕಿತ್ಸೆಗೆ ಮಾತ್ರ ಅಂದುಕೊಂಡು ಬಿಟ್ಟವರೇ ಜಾಸ್ತಿ. ನಿಯಮದಲ್ಲಿ ನಿಯತ ತಪಾಸಣೆಯೂ ಇದೆ. ಆಸ್ಪತ್ರೆ ಸಹಿ, ಸೀಲು ಇರುವ ರೈಲ್ವೆ ಫಾರಂ ಕೌಂಟರಿನಲ್ಲಿ ಕೊಡಬೇಕು. ವಾಪಸ್ ಬರುವಾಗಲೇ ಮುಂದಿನ ಸಲದ್ದಕ್ಕೆ ಬರೆಸಿಕೊಳ್ಳಿ. ಕಲಬುರಗಿಗಾದರೆ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದ್ದೇ ಇದೆ.

ಭೀಮಾತೀರ
ಉಪಕಾರ ಆಯ್ತು. ಇನ್ನೊಂದು: ಕೆಲವು ಹುಡುಗಿಯರಿಗೆ ಮದುವೆಯಾಗಿದೆ, ಗಂಡನ ಮನೆಯಲ್ಲಿ ಕಾಯಿಲೆ ವಿಷಯ ಹೇಳಿಲ್ಲ.

ಡೇಕೇರ್ ಚಾರ್ಟ್
ಗೊತ್ತಿದ್ದದ್ದೇ. ಸಂಬಂಧದ ಮಾತು ಶುರುವಾದ ಕೂಡಲೇ ಫೈಲು ಅಟ್ಟ ಸೇರುತ್ತೆ. ಗಂಡನ ಮನೆಗೆ ಹೇಳೋದು ಬಿಡೋದು ಅವಳಿಗೆ ಬಿಟ್ಟದ್ದು, ಡಾಕ್ಟರಿಗೆ ಹೇಳಲೇಬೇಕು. ಆಂಥ್ರಾಸೈಕ್ಲಿನ್ ಮೊತ್ತ 100 ಅಥವಾ ಮೇಲಿದ್ದರೆ ಗರ್ಭ ಧರಿಸುವ ಮೊದಲೇ ಎಕೋ, ತಪ್ಪಿದರೆ ಮೊದಲ ಮೂರು ತಿಂಗಳಲ್ಲಿ. ಗರ್ಭಿಣಿಯಲ್ಲಿ ಏದುಸಿರು, ಕಾಲು ಬಾವು ಮಾಮೂಲು ಅಂತ ಎಲ್ಲರೂ ತಳ್ಳಿಹಾಕೋದರಿಂದ ಹೃದಯ ಸೋಲ್ತಿರೋದು ತಿಳಿಯೋದೇ ಇಲ್ಲ. ತಾಯಿ ಕಾರ್ಡ್ ಮನೆಯವರೆಲ್ಲ ನೋಡ್ತಾರೆ, ಹಾಗಾಗಿ ಅವಳು ಒಪ್ಪಿದರೆ ಅದರಲ್ಲಿ ‘ಹೈರಿಸ್ಕ್, ಎಕೋ ಬೇಕು’ ಅಂತ ಮಾತ್ರ ಬರೆಯಿರಿ. ಔಷಧದ ಹೆಸರು, ಮೊತ್ತ ಬೇರೆ ಚೀಟಿಯಲ್ಲಿ, ಅವಳ ಕೈಗೇ.