ಬಳ್ಳಾರಿ ಜಾಲಿ ತುಂಬಿದ ಮೂರೂವರೆ ಎಕರೆ: 24 ಎಚ್‌.ಪಿ. ಟ್ರ್ಯಾಕ್ಟರ್‌ನಿಂದ ಎಷ್ಟು ಕೆಲಸ ಆದೀತು?

ಪ್ರಶ್ನೆ: ಕೆಂಪುಹೊಲ, ಶಿರಾ ತಾಲ್ಲೂಕು

ಅನುಭವಿ ರೈತರೆಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕಿನಲ್ಲಿ ನಮಗೆ ತಾತನ ಕಾಲದಿಂದ ಬಂದ 3 ಎಕರೆ 20 ಗುಂಟೆ ಖುಷ್ಕಿ ಜಮೀನಿದೆ. ಕಡಲೆಕಾಯಿಯನ್ನೂ ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆಯನ್ನೂ ಬೆಳೆಯುತ್ತಿದ್ದ ಈ ಕೆಂಪು ನೆಲ, ತಂದೆಯವರು ತೀರಿಕೊಂಡು ನಾನು ಬೆಂಗಳೂರಿನ ಕೆಲಸದಲ್ಲಿ ಸಿಕ್ಕಿಕೊಂಡ ಮೇಲೆ ಹನ್ನೊಂದು ವರ್ಷ ಬೀಳುಬಿದ್ದು, ಈಗ ಒಳಗೆ ಕಾಲಿಡಲೂ ಆಗದಂತೆ ಬಳ್ಳಾರಿ ಜಾಲಿಯಿಂದ ತುಂಬಿಹೋಗಿದೆ. ಕೆಲವು ಗಿಡಗಳು ಹೆಬ್ಬೆರಳು ಗಾತ್ರದವು, ಹೆಚ್ಚಿನವು ಮುಂಗೈ ಗಾತ್ರದವು. ತಗ್ಗಿನಲ್ಲಿ ನೀರು ನಿಲ್ಲುವ ಕಡೆಯ ನಲವತ್ತೈವತ್ತು ಮರಗಳು ತೊಡೆ ಗಾತ್ರವನ್ನೂ ಮೀರಿವೆ. ಬದುಗಳ ಮೇಲೆ ಲಂಟಾನ ಹಬ್ಬಿದೆ. ಇವುಗಳ ನಡುವೆ ಎರಡು ಬೇವು, ಒಂದು ಹುಣಸೆ ಮತ್ತು ನಾಲ್ಕಾರು ಹೊಂಗೆ ಮರಗಳು ಇನ್ನೂ ಉಳಿದಿವೆ.

ಕಳೆದ ವರ್ಷ 24 ಎಚ್‌.ಪಿ.ಯ, ನಾಲ್ಕು ಚಕ್ರಕ್ಕೂ ಎಳೆತವಿರುವ ಹಳೆಯ ಮಿನಿ ಟ್ರ್ಯಾಕ್ಟರ್ ಒಂದನ್ನು ಐದು ಹಲ್ಲಿನ ಕಲ್ಟಿವೇಟರ್ ಮತ್ತು ತಿರುಗುವ ಬ್ಲೇಡುಗಳಿಂದ ಮಣ್ಣು ಪುಡಿಮಾಡುವ ಸಣ್ಣ ರೋಟವೇಟರ್ ಸಮೇತ ಕೊಂಡೆ. ಮೊದಲ ಪ್ರಯತ್ನವಾಗಿ ಆಳುಗಳಿಂದ ಹತ್ತು ಗುಂಟೆಯ ಜಾಲಿಯನ್ನು ನೆಲಮಟ್ಟಕ್ಕೆ ಕಡಿಸಿ, ಮೇಲೆ ರೋಟವೇಟರ್ ಹೊಡೆದೆ. ಬುಡಗಳಿಗೆ ತಗುಲಿ ಎರಡು ಬ್ಲೇಡುಗಳು ಬಾಗಿದವು. ದೀಪಾವಳಿಯ ಹೊತ್ತಿಗೆ ಒಂದೊಂದು ಬುಡದಿಂದ ಎಂಟು ಹತ್ತು ಚಿಗುರುಗಳು ಎದೆಯೆತ್ತರಕ್ಕೆ ಬಂದು, ಮೊದಲಿಗಿಂತ ದಟ್ಟವಾದವು. ಆ ದಿನ ಬದುವಿನ ಮೇಲೆ ನಿಂತು ನೋಡಿದಾಗ ನನಗಾದ ಸಂಕಟ ಅಷ್ಟಿಷ್ಟಲ್ಲ.

ಈಗ ನನ್ನ ಪ್ರಶ್ನೆ ಇಷ್ಟು. ಬುಡಗಳಿಗೆ ಸರಪಳಿ ಕಟ್ಟಿ ಈ ಟ್ರ್ಯಾಕ್ಟರ್‌ನಿಂದಲೇ ಎಳೆದು ಕೀಳಬಹುದೇ? ಪೊದೆ ಕತ್ತರಿಸುವ ಸ್ಲ್ಯಾಷರ್ ಕೊಳ್ಳುವುದು ಸಾರ್ಥಕವೇ? ಅಥವಾ ಎಲ್ಲವನ್ನೂ ಜೆಸಿಬಿಗೆ ಒಪ್ಪಿಸಿಬಿಡುವುದೇ ಒಳಿತೇ?

ಉತ್ತರ 1: ಮಾರಿಕಣಿವೆ ಬಯಲು, ಹಿರಿಯೂರು

ನಿಮ್ಮ ಹತ್ತು ಗುಂಟೆಯಲ್ಲಿ ಆದದ್ದೇ ನನ್ನ ಐದು ಎಕರೆಯಲ್ಲೂ ಆಗಿತ್ತು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಬಳ್ಳಾರಿ ಜಾಲಿಯ ಜೀವ ಇರುವುದು ನೆಲದ ಮೇಲಿನ ಕಾಂಡದಲ್ಲಲ್ಲ, ನೆಲಮಟ್ಟದ ಕೆಳಗೆ ಬೇರು ಮತ್ತು ಕಾಂಡ ಕೂಡುವ ಗಂಟಿನಲ್ಲಿ. ಒಂದು ಬುಡವನ್ನು ಗುದ್ದಲಿಯಿಂದ ಬಿಡಿಸಿ, ಮಣ್ಣು ಒರೆಸಿ ಕೈಯಲ್ಲಿ ಹಿಡಿದು ನೋಡಿ: ತೊಗಟೆಯ ಮೇಲೆ ಸಣ್ಣ ಮೊಡವೆಗಳಂತೆ ಮಲಗಿರುವ ಮೊಗ್ಗುಗಳು ಕಾಣುತ್ತವೆ. ನೆಲಮಟ್ಟಕ್ಕೆ ಕಡಿದಷ್ಟೂ ಅವುಗಳನ್ನು ಎಬ್ಬಿಸಿದಂತೆಯೇ ಸರಿ. ಮುಕ್ಕಾಲು ಅಡಿಯಿಂದ ಒಂದು ಅಡಿ ಆಳಕ್ಕೆ ಈ ಗಂಟು ಪೂರ್ತಿ ಹೊರಬಂದರೆ ಸಾಕು, ಕೆಳಗೆ ಉಳಿದ ತಾಯಿಬೇರಿಗೆ ಹೆದರಬೇಕಾಗಿಲ್ಲ.

ಈ ಲೆಕ್ಕದಲ್ಲಿ ಗಿಡಗಳನ್ನು ಗಾತ್ರ ನೋಡಿ ಬೇರ್ಪಡಿಸಿಕೊಳ್ಳಿ. ಹೆಬ್ಬೆರಳು ಗಾತ್ರದವನ್ನು ಮಳೆ ಬಿದ್ದ ಮರುದಿನ ಪಿಕಾಸಿಯಿಂದ ಇಬ್ಬರು ಆಳುಗಳೇ ಕಿತ್ತುಹಾಕುತ್ತಾರೆ. ಮುಂಗೈ ಗಾತ್ರದವು ನಿಮ್ಮ ಟ್ರ್ಯಾಕ್ಟರ್‌ನ ಕೆಲಸ. ತೊಡೆ ಗಾತ್ರದವನ್ನು ದಯವಿಟ್ಟು ಅದರಿಂದ ಮುಟ್ಟಬೇಡಿ. ಒಂದು ದಿನ ಜೆಸಿಬಿ ಕರೆಸಿ ಆ ನಲವತ್ತೈವತ್ತು ಬುಡಗಳನ್ನು ತೋಡಿಸಿಬಿಡಿ. ಆದರೆ ಇಡೀ ಹೊಲವನ್ನು ಜೆಸಿಬಿಗೆ ಕೊಡಬೇಡಿ. ಬೇರಿನ ಜೊತೆಗೆ ಮೇಲ್ಮಣ್ಣನ್ನೂ ಬಾಚಿ ಗುಡ್ಡೆ ಹಾಕಿ, ಅಡಿಯ ಗರಸನ್ನು ಮೇಲೆ ತಂದುಬಿಟ್ಟರೆ ಆ ನೆಲ ಮೊದಲಿನ ಕಸುವಿಗೆ ಬರಲು ವರ್ಷಗಳೇ ಬೇಕು.

ಟ್ರ್ಯಾಕ್ಟರ್‌ನಿಂದ ಕೀಳುವ ಗಿಡವನ್ನು ಮೊದಲು ನೆಲಮಟ್ಟಕ್ಕೆ ಕಡಿಯಬಾರದು. ಕೊಂಬೆಗಳನ್ನು ಸವರಿ, ಮೂರು ನಾಲ್ಕು ಅಡಿ ಮೋಟು ಉಳಿಸಿಕೊಂಡರೆ ಅದೇ ಸನ್ನೆಯಾಗುತ್ತದೆ. ಸುತ್ತ ಒಂದು ಗೇಣು ಮಣ್ಣು ಬಿಡಿಸಿ ಪಕ್ಕದ ಬೇರುಗಳನ್ನು ಕೊಡಲಿಯಿಂದ ಕಡಿದು, ಮೋಟಿನ ನಡುಭಾಗಕ್ಕೆ ಸರಪಳಿ ಸುತ್ತಿ, ಅತಿ ಕಡಿಮೆ ಗೇರಿನಲ್ಲಿ ನಿಧಾನವಾಗಿ ಎಳೆದರೆ ಗಿಡ ಒಂದು ಕಡೆಗೆ ಮಲಗಿ, ಗಂಟಿನ ಸಮೇತ ಏಳುತ್ತದೆ. ನಮ್ಮ ಕಡೆ ಇದಕ್ಕೆ ಸರಿಯಾದ ಕಾಲವೆಂದರೆ ಏಪ್ರಿಲ್ ಕೊನೆ, ಮೇ ಮೊದಲಿನ ಭರಣಿ ಮಳೆ ಬಿದ್ದು ನೆಲ ಹದವಾದ ನಾಲ್ಕಾರು ದಿನ. ಒಣನೆಲದಲ್ಲಿ ಗಿಡ ಕಿತ್ತು ಬರುವುದಿಲ್ಲ, ನಡುವೆಯೇ ಮುರಿಯುತ್ತದೆ.

ಇನ್ನು ಮುಖ್ಯವಾದ ಮಾತು. ಸರಪಳಿಯ ಇನ್ನೊಂದು ತುದಿಯನ್ನು ಹಿಂಬದಿಯ ಕೆಳಗಿರುವ ಡ್ರಾಬಾರ್ ಎಂಬ ಎಳೆಯುವ ಪಟ್ಟಿಗೆ ಮಾತ್ರ ಕಟ್ಟಬೇಕು. ನಾನು ಒಮ್ಮೆ, ಬುಡ ಮೇಲಕ್ಕೆ ಎದ್ದುಬರಲಿ ಎಂಬ ಆಸೆಯಿಂದ, ಟಾಪ್ ಲಿಂಕ್ (ಉಪಕರಣವನ್ನು ಮೇಲ್ಗಡೆ ಹಿಡಿಯುವ ಸರಳು) ಸಿಕ್ಕಿಸುವ ಮೇಲಿನ ಜಾಗಕ್ಕೆ ಕಟ್ಟಿ ಕ್ಲಚ್ ಬಿಟ್ಟೆ. ಬುಡ ಅಲುಗಲಿಲ್ಲ, ಹಿಂದಿನ ಚಕ್ರಗಳು ಕಚ್ಚಿ ನಿಂತವು, ಎಂಜಿನ್ನಿನ ಬಲವೆಲ್ಲ ಟ್ರ್ಯಾಕ್ಟರ್‌ನ ಮೈಯನ್ನೇ ಅಚ್ಚಿನ ಸುತ್ತ ಹಿಂದಕ್ಕೆ ತಿರುಗಿಸತೊಡಗಿತು. ಮುಂದಿನ ಚಕ್ರಗಳು ಮೊಳದುದ್ದ ಮೇಲೆದ್ದವು. ಕಾಲು ಕ್ಲಚ್ಚಿನ ಮೇಲೆಯೇ ಇದ್ದುದರಿಂದ ತುಳಿದೆ, ಬದುಕಿದೆ. ಹೀಗೆ ಹಿಮ್ಮಗುಚುವುದಕ್ಕೆ ಒಂದೆರಡು ಸೆಕೆಂಡು ಸಾಕು, ಯೋಚಿಸಲು ಸಮಯವೇ ಇರುವುದಿಲ್ಲ. ಮಿನಿ ಟ್ರ್ಯಾಕ್ಟರ್‌ನ ಮೂತಿ ಹಗುರ. ಮುಂದೆ ತೂಕದ ಕಲ್ಲುಗಳನ್ನು ಹಾಕಿಸಿಕೊಳ್ಳಿ, ಎರಡು ಪ್ರಯತ್ನಕ್ಕೂ ಬಗ್ಗದ ಬುಡವನ್ನು ಜೆಸಿಬಿಯ ಲೆಕ್ಕಕ್ಕೆ ಸೇರಿಸಿ ಮುಂದಕ್ಕೆ ಹೋಗಿ. ಸರಪಳಿಯನ್ನು ಸಡಿಲ ಬಿಟ್ಟು ಜಗ್ಗಿಸಿ ಎಳೆಯುವುದೂ ಬೇಡ. ನೈಲಾನ್ ಹಗ್ಗವಂತೂ ಹಿಗ್ಗಿ ತುಂಡಾದಾಗ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ. ಎಳೆಯುವಾಗ ಸುತ್ತ ಯಾರೂ ನಿಂತಿರಬಾರದು.

ಉತ್ತರ 2: ನೇಗಿಲ ಗುಳ, ಚಳ್ಳಕೆರೆ

ಮೇಲಿನ ಅಣ್ಣನವರು ಎಳೆಯುವ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಉಪಕರಣ ರಿಪೇರಿ ಮಾಡುವವನು, ಆದ್ದರಿಂದ ಸ್ಲ್ಯಾಷರ್ ಬಗ್ಗೆ ಮಾತ್ರ ಬರೆಯುತ್ತೇನೆ. ಹೆಬ್ಬೆರಳಿಗಿಂತ ದಪ್ಪವಿಲ್ಲದ ಚಿಗುರು, ಲಂಟಾನ, ಒಣಹುಲ್ಲು ಇವುಗಳಿಗೆ ಸ್ಲ್ಯಾಷರ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಮುಂಗೈ ಗಾತ್ರದ ಜಾಲಿಗೆ ಅದನ್ನು ಒಡ್ಡಿದರೆ ಮೊದಲು ಶಿಯರ್ ಬೋಲ್ಟ್ ಹೋಗುತ್ತದೆ. ಹಾಗೆ ಹೋಗುವುದೇ ಅದರ ಕೆಲಸ, ತಾನು ತುಂಡಾಗಿ ಗೇರ್‌ಬಾಕ್ಸನ್ನು ಉಳಿಸುತ್ತದೆ. ಆದರೆ ಅನೇಕರು ಬೇಸತ್ತು ಅದರ ಜಾಗಕ್ಕೆ ಗಟ್ಟಿ ಉಕ್ಕಿನ ಬೋಲ್ಟ್ ಹಾಕಿಸಿ, ಆಮೇಲೆ ಒಡೆದ ಗೇರ್‌ಬಾಕ್ಸ್ ಹೊತ್ತುಕೊಂಡು ನನ್ನ ಬಳಿಗೆ ಬರುತ್ತಾರೆ. ನಿಮ್ಮ ಮೂರೂವರೆ ಎಕರೆಗಾಗಿ ಹೊಸದನ್ನು ಕೊಳ್ಳುವುದಕ್ಕಿಂತ ಬಾಡಿಗೆಗೆ ತರುವುದೇ ಲೇಸು. ರೋಟವೇಟರನ್ನು ಮಾತ್ರ ಕೊನೆಯ ಬುಡ ಹೊರಬರುವವರೆಗೂ ಶೆಡ್ಡಿನಲ್ಲೇ ಇಡಿ.

ಎಂಜಿನ್ನಿನ ಬಲವನ್ನು ಉಪಕರಣಕ್ಕೆ ಕೊಡುವ ಪಿ.ಟಿ.ಓ. ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಲುಂಗಿಯ ಅಂಚಾಗಲಿ ಹೆಗಲ ಮೇಲಿನ ಟವೆಲ್ ಆಗಲಿ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಯಾರಿಂದಲೂ ಆಗದು. ಸಿಕ್ಕಿಕೊಂಡ ಬಳ್ಳಿಯನ್ನು ತೆಗೆಯುವ ಮೊದಲು ಎಂಜಿನ್ ಪೂರ್ತಿ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ರೇಡಿಯೇಟರ್ ಜಾಲರಿಗೆ ಅಂಟಿದ ಎಲೆಪುಡಿಯನ್ನೂ ಸೈಲೆನ್ಸರ್ ಬಳಿ ಸೇರಿದ ಒಣಕಸವನ್ನೂ ಕೊಡವಬೇಕು. ಮೊದಲನೆಯದು ಎಂಜಿನ್ ಬಿಸಿಯೇರಿಸುತ್ತದೆ, ಎರಡನೆಯದು ಬೆಂಕಿ ಹಚ್ಚುತ್ತದೆ. ಕಡಿದ ಕೊಂಬೆಗಳ ಮೇಲೆ ಟ್ರ್ಯಾಕ್ಟರ್ ಓಡಿಸಬೇಡಿ, ಏಕೆಂದರೆ ಜಾಲಿಯ ಮುಳ್ಳು ಒಣಗಿದ ಮೇಲೂ ಮೊಳೆಯಷ್ಟೇ ಗಟ್ಟಿಯಾಗಿದ್ದು ಮುಂದಿನ ಸಣ್ಣ ಟೈರುಗಳನ್ನು ಸುಲಭವಾಗಿ ಚುಚ್ಚುತ್ತದೆ. ದಾರಿಯನ್ನು ಮೊದಲು ಕೈಯಿಂದ ಬಿಡಿಸಿಕೊಂಡು, ಅನಂತರ ಟ್ರ್ಯಾಕ್ಟರ್ ಒಳಗೆ ತನ್ನಿ.

ಉತ್ತರ 3: ಹೊಂಗೆ ನೆರಳು, ಪಾವಗಡ

ನಾನು ಮತ್ತು ನಮ್ಮ ಯಜಮಾನರು ಎರಡು ಎಕರೆಯನ್ನು ಹೀಗೆಯೇ ಹಸನು ಮಾಡಿಕೊಂಡೆವು. ಯಂತ್ರದ ಮಾತು ಬಂದಿರುವುದರಿಂದ ಉಳಿದದ್ದನ್ನು ಹೇಳುತ್ತೇನೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ ಸ್ವಂತ ಜಮೀನಿನ ಮರ ಕಡಿಯುವುದಕ್ಕೂ ಅನುಮತಿ ಬೇಕು. ಬಳ್ಳಾರಿ ಜಾಲಿ, ನೀಲಗಿರಿ, ಸರ್ವೆ ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ ಇದೆ. ಪೊದೆಯೊಳಗೆ ಹಕ್ಕಿ ಬಿತ್ತಿದ ಶ್ರೀಗಂಧದ ಸಸಿಗಳು ಇರುವುದುಂಟು, ಗಮನಿಸಿ ನೋಡಿ. 2001ರ ತಿದ್ದುಪಡಿಯ ನಂತರ ಆ ಮರ ಜಮೀನುದಾರರದೇ ಆದರೂ, ಅದನ್ನು ಕಡಿಯುವುದಕ್ಕೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ನಿಮ್ಮ ಬೇವು, ಹುಣಸೆ, ಹೊಂಗೆಗಳನ್ನು ಉಳಿಸಿಕೊಳ್ಳಿರೆಂದು ಕೈಮುಗಿದು ಕೇಳುತ್ತೇನೆ. ಕೆಲಸಕ್ಕೆ ಮೊದಲೇ ಅವುಗಳಿಗೆ ಸುಣ್ಣದ ಪಟ್ಟೆ ಬಳಿಯಿರಿ, ಜೆಸಿಬಿ ಓಡಿಸುವವರಿಗೆ ದೂರದಿಂದಲೇ ಕಾಣಲಿ.

ಒಣಪೊದೆಯಲ್ಲಿ ಕೊಳಕುಮಂಡಲ ಇರುತ್ತದೆ. ಮೊಣಕಾಲಿನವರೆಗಿನ ಬೂಟು ಹಾಕಿಕೊಳ್ಳಿ, ರಾಶಿ ಹಾಕಿದ ಕೊಂಬೆಗಳಿಗೆ ಮರುದಿನ ಬರಿಗೈ ಹಾಕಬೇಡಿ. ಲಂಟಾನದ ಎಲೆ ದನಗಳಿಗೆ ವಿಷ, ಯಕೃತ್ತು ಕೆಡಿಸುತ್ತದೆ. ಕಡಿದದ್ದನ್ನು ದನ ಕಟ್ಟುವ ಕಡೆ ಹಾಕಬಾರದು. ಜಾಲಿಯ ದಪ್ಪ ಕಟ್ಟಿಗೆಯನ್ನು ಇದ್ದಿಲು ಸುಡುವವರು ಕೊಳ್ಳುತ್ತಾರೆ. ತೆಳುಕೊಂಬೆಗಳನ್ನು ಸುಟ್ಟುಬಿಡುವ ಬದಲು ಇಳಿಜಾರಿಗೆ ಅಡ್ಡಲಾಗಿ ಸಾಲು ಹಾಕಿದರೆ, ಹೊಸದಾಗಿ ಬಿಡಿಸಿದ ಮಣ್ಣು ಮೊದಲ ಮಳೆಗೆ ಕೊಚ್ಚಿಹೋಗದಂತೆ ತಡೆಯುತ್ತವೆ.

ಬುಡ ತೆಗೆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹನ್ನೊಂದು ವರ್ಷ ಉದುರಿದ ಬೀಜ ಮಣ್ಣಿನಲ್ಲಿದೆ. ಸಾಲದ್ದಕ್ಕೆ ಜಾಲಿಯ ಕಾಯಿ ಸಿಹಿ, ಕುರಿ ಮೇಕೆಗಳು ಆಸೆಪಟ್ಟು ತಿನ್ನುತ್ತವೆ, ಬೀಜ ಜೀರ್ಣವಾಗದೆ ಹಿಕ್ಕೆಯೊಡನೆ ಹೊಲಕ್ಕೆ ಬೀಳುತ್ತದೆ. ನಾವು ಮೊದಲ ವರ್ಷವೇ ಕಡಲೆಕಾಯಿಗೆ ಆಸೆಪಡದೆ, ಒತ್ತೊತ್ತಾಗಿ ಹುರುಳಿ ಚೆಲ್ಲಿ ನೆಲ ಮುಚ್ಚಿದೆವು. ಅದರ ನಡುವೆ ಎದ್ದ ಜಾಲಿ ಸಸಿಗಳನ್ನು ಗೇಣುದ್ದ ಆಗುವ ಮೊದಲೇ, ಮಳೆಯ ಮರುದಿನ, ಬೇರುಸಮೇತ ಕೈಯಿಂದ ಕಿತ್ತೆವು. ಮೂರು ಮಳೆಗಾಲ ಈ ಕೆಲಸ ತಪ್ಪಿಸಲಿಲ್ಲ.

ಕೆಂಪುಹೊಲ, ಶಿರಾ ತಾಲ್ಲೂಕು

ಅಣ್ಣನವರಿಬ್ಬರಿಗೂ ಅಕ್ಕನವರಿಗೂ ಮನಃಪೂರ್ವಕ ವಂದನೆಗಳು. ನಾನು ಸರಪಳಿಯನ್ನು ಟಾಪ್ ಲಿಂಕ್ ಜಾಗಕ್ಕೇ ಕಟ್ಟಬೇಕೆಂದುಕೊಂಡಿದ್ದೆ. ಆ ಭಾಗವನ್ನು ಓದಿದಾಗ ಮೈ ನಡುಗಿತು. ಇಡೀ ಜಮೀನನ್ನು ಒಂದೇ ಸಲ ಬಿಡಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಈ ಬೇಸಿಗೆಯಲ್ಲಿ ಮೇಲಿನ ಒಂದೂವರೆ ಎಕರೆಯ ಕೊಂಬೆಗಳನ್ನು ಸವರಿಸಿ ಮೋಟು ಉಳಿಸಿಕೊಂಡು, ಭರಣಿ ಮಳೆ ಬಿದ್ದರೆ ಎಂಟು ದಿನ ರಜೆ ಹಾಕಿ ಊರಿಗೆ ಹೋಗುತ್ತೇನೆ. ಒಂದು ಸಂದೇಹ ಉಳಿದಿದೆ: ಕಳೆದ ವರ್ಷ ನೆಲಮಟ್ಟಕ್ಕೆ ಕಡಿದ ಆ ಹತ್ತು ಗುಂಟೆಯಲ್ಲಿ ಸನ್ನೆಗೆ ಮೋಟೇ ಇಲ್ಲವಲ್ಲ, ಅಲ್ಲಿ ಏನು ಮಾಡಲಿ?

ಮಾರಿಕಣಿವೆ ಬಯಲು, ಹಿರಿಯೂರು

ಅಲ್ಲಿ ಸರಪಳಿ ನಿಲ್ಲುವುದಿಲ್ಲ, ಚಿಗುರಿಗೆ ಸುತ್ತಿದರೆ ಚಿಗುರಷ್ಟೇ ಸೀಳಿ ಬರುತ್ತದೆ. ಚಿಗುರನ್ನು ಸವರಿ, ಬುಡದ ಸುತ್ತ ಒಂದು ಅಡಿ ಗುಂಡಿ ತೆಗೆದು, ಗಂಟಿನ ಕೆಳಗೆ ಕೊಡಲಿ ಹಾಕುವುದೊಂದೇ ದಾರಿ. ಇಬ್ಬರು ಆಳುಗಳಿಗೆ ಕೆಲವು ದಿನಗಳ ಕೆಲಸ. ತೆಗೆದ ಗಂಟುಗಳನ್ನು ಗುಂಡಿಯ ಪಕ್ಕದಲ್ಲೇ ಬಿಡದೆ, ಬೇರು ಮೇಲಾಗಿ ಬಂಡೆಯ ಮೇಲೆ ಹಾಕಿ ಒಣಗಿಸಿ. ಊರಿಗೆ ಬಂದಾಗ ತಿಳಿಸಿ, ನನ್ನ ಬಳಿ ಹದಿನೈದು ಅಡಿಯ ಒಳ್ಳೆಯ ಸರಪಳಿ ಇದೆ, ತಂದುಕೊಡುತ್ತೇನೆ.