ಮೂರು ವಾರದ ಕ್ಯೋಟೊ ಕೋರ್ಸ್: ಓದಾ, ಟೂರಾ?

ಪ್ರಶ್ನೆ – ಮೊದಲ ಬೆಂಚು

ಎಲ್ಲರಿಗೂ ನಮಸ್ಕಾರ. ನಾನು ಎಂಎ ಇತಿಹಾಸ, ಮೊದಲ ವರ್ಷ. ರಜೆಯಲ್ಲಿ ನಮ್ಮ ಯೂನಿವರ್ಸಿಟಿಯಿಂದ ಜಪಾನಿನ ಇತಿಹಾಸ, ಸಂಸ್ಕೃತಿ ಬಗ್ಗೆ ಮೂರು ವಾರದ ಕೋರ್ಸ್ ಇದೆ. ಕ್ಯೋಟೊದಲ್ಲಿ ವಾಸ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಊರು ಸುತ್ತಾಟ. ನಾರಾ, ಹಿರೋಶಿಮಾಗೆ ಒಂದೊಂದು ದಿನ. ಕೊನೆಗೆ ಹತ್ತು ಪುಟದ ಪ್ರಬಂಧ. ಜಪಾನೀ ಭಾಷೆ ಒಂದಕ್ಷರ ಬರಲ್ಲ. "ಇದು ಓದಾ, ಟೂರಾ?" ಅಂತ ಅಪ್ಪ ಕೇಳ್ತಿದ್ದಾರೆ. ನನಗೂ ಅದೇ ಅನುಮಾನ. ಹೋಗಿ ಬಂದವರಿದ್ದರೆ ದಯವಿಟ್ಟು ಹೇಳಿ.

ಉತ್ತರ – ಸುಮ್ನೆ ಓದುಗ

ಟೂರೇ. ಮೂರು ವಾರದಲ್ಲಿ ಒಂದು ದೇಶ ಅರ್ಥ ಆಗುತ್ತೆ ಅನ್ನೋದನ್ನ ಬ್ರೋಷರ್ ಬರೆದವರು ಮಾತ್ರ ನಂಬ್ತಾರೆ. ಅದೇ ದುಡ್ಡಿಗೆ ಪುಸ್ತಕ ತಗೊಳ್ಳಿ.

ಉತ್ತರ – ಹಳೇ ನೋಟ್‌ಬುಕ್

ಮೇಲಿನವರ ಮಾತು ಅರ್ಧ ನಿಜ. ನಾನು ಇಂಥದೇ ಕೋರ್ಸಿಗೆ ಹೋಗಿದ್ದೆ, ಮೊದಲ ವಾರ ಮಾಡಿದ್ದು ಟೂರೇ.

ಎರಡನೇ ದಿನ ಕಿನ್ಕಾಕುಜಿ, ಅದೇ ಚಿನ್ನದ ಮಂಟಪ, ನೋಡಿ ಬಂದೆ. ಆವತ್ತಿನ ಟಿಪ್ಪಣಿಯಲ್ಲಿ "ಆರುನೂರು ವರ್ಷದ ಈ ಕಟ್ಟಡದ ಮುಂದೆ ನಿಂತಾಗ ಕಾಲವೇ ನಿಂತಂತಾಯಿತು" ಅಂತ ಬರೆದುಬಿಟ್ಟೆ. ಬಲು ಚೆನ್ನಾಗಿ ಬಂದಿದೆ ಅಂದುಕೊಂಡಿದ್ದೆ. ಮೇಷ್ಟ್ರು ಅಂಚಿನಲ್ಲಿ ಕೆಂಪಿಂಕಿನಲ್ಲಿ "1955" ಅಂತ ಬರೆದು ವಾಪಸ್ ಕೊಟ್ಟರು. ಬೇರೆ ಒಂದು ಮಾತಿಲ್ಲ. ರಾತ್ರಿ ಕೂತು ಹುಡುಕಿದ ಮೇಲೆ ಗೊತ್ತಾಯಿತು: 1950ರಲ್ಲಿ ಅಲ್ಲಿದ್ದ ಒಬ್ಬ ಯುವ ಸಂನ್ಯಾಸಿಯೇ ಅದಕ್ಕೆ ಬೆಂಕಿ ಇಟ್ಟಿದ್ದ. ಈಗ ನಿಂತಿರೋದು 1955ರಲ್ಲಿ ಮತ್ತೆ ಕಟ್ಟಿದ್ದು.

ನಾಚಿಕೆಯಾಯಿತು, ಆದರೆ ನನ್ನ ಕೋರ್ಸ್ ಶುರುವಾದದ್ದು ಅಲ್ಲಿಂದ. ಆಮೇಲೆ ಎಲ್ಲಿ ಹೋದರೂ ಒಂದೇ ಪ್ರಶ್ನೆ: ಇಲ್ಲಿ ನಿಜಕ್ಕೂ ಹಳೆಯದು ಯಾವುದು?

ನಾರಾದ ತೋದಾಯ್‌ಜಿ ಬೌದ್ಧ ಗುಡಿ ನೋಡಿ. ಬುದ್ಧನ ಕಂಚಿನ ಮೂರ್ತಿ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಅದರ ಕಣ್ಣು ತೆರೆಸಿದ್ದು ಭಾರತದಿಂದ ಹೋಗಿದ್ದ ಬೋಧಿಸೇನ ಅನ್ನೋ ಭಿಕ್ಷು. ನಮ್ಮ ಮಾತಲ್ಲಿ ನೇತ್ರೋನ್ಮೀಲನ. ಆತ ಹಿಡಿದ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರೆಲ್ಲ ಆ ದಾರ ಹಿಡಿದಿದ್ದರಂತೆ. ಎಲ್ಲರೂ ಸೇರಿ ಕಣ್ಣು ಬರೆದ ಹಾಗೆ. ಆದರೆ ಆ ಮೂರ್ತಿ ಇರೋ ಭವನ 1180ರಲ್ಲಿ ಒಮ್ಮೆ, 1567ರಲ್ಲಿ ಇನ್ನೊಮ್ಮೆ ಯುದ್ಧದ ಬೆಂಕಿಗೆ ಹೋಯಿತು. ಈಗಿನದು 1709ರದು, ಮೊದಲಿನದಕ್ಕಿಂತ ಅಗಲ ಕಡಿಮೆ. ಮೂರ್ತಿಯ ತಲೆಯೂ ಆಮೇಲೆ ಎರಕ ಹೊಯ್ದದ್ದು. ಆ ಕುಂಚ, ದಾರ ಮಾತ್ರ ಶೋಸೋಇನ್ ಭಂಡಾರದಲ್ಲಿ ಇವತ್ತಿಗೂ ಇವೆ! ಭಂಡಾರದ ಕೆಲವು ವಸ್ತುಗಳನ್ನ ಹೊರಗಿಡೋದು ಶರತ್ಕಾಲದಲ್ಲಿ ಮಾತ್ರ. ನಾವು ಹೋಗಿದ್ದು ಬೇಸಿಗೆ. ಹಾಳಾಗಲಿ.

ಮರೆಯಲಾಗದ್ದು ಮಾತ್ರ ಪಟ್ಟಿಯಲ್ಲೇ ಇಲ್ಲದ ಜಾಗ. ಕ್ಯೋಟೊದಲ್ಲಿ ನಮ್ಮ ಹಾಸ್ಟೆಲ್ ಹಿಂದಿನ ಗಲ್ಲಿಯಲ್ಲಿ ಸಣ್ಣ ಬೌದ್ಧ ಗುಡಿ, ಅದರ ಪಕ್ಕ ಸ್ಮಶಾನ. ಸಮಾಧಿಗಳ ಹಿಂದೆ ಆಳುದ್ದದ ತೆಳು ಮರದ ಪಟ್ಟಿಗಳನ್ನ ಸಾಲಾಗಿ ನಿಲ್ಲಿಸಿರ್ತಾರೆ. ಗಾಳಿ ಬಂದರೆ ಒಂದಕ್ಕೊಂದು ತಾಗಿ ಟಕಟಕ ಸದ್ದು. ಅವುಗಳ ಮೇಲೆ ಮಸಿಯಲ್ಲಿ ಬರೆದದ್ದರಲ್ಲಿ ಮೇಲಿನ ಐದಕ್ಷರ ಚೀನೀ ಲಿಪಿಯ ಥರ ಇರಲಿಲ್ಲ. ಫೋಟೊ ತೆಗೆಯೋಕೆ ಮನಸ್ಸು ಬರಲಿಲ್ಲ, ಯಾರದೋ ಮನೆಯ ದುಃಖ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ತಾ ಕೂತೆ. ಗುಡಿಯ ವಯಸ್ಸಾದ ಭಿಕ್ಷು ಕಸಬರಿಗೆ ಹಿಡಿದು ಬಂದವರು ನನ್ನ ಪುಟ ನೋಡಿ, ಒಂದೊಂದಕ್ಷರದ ಮೇಲೂ ಬೆರಳಿಟ್ಟು "ಕ್ಯಾ, ಕಾ, ರಾ, ಬಾ, ಆ" ಅಂದರು.

ಮರುದಿನ ಕ್ಲಾಸಲ್ಲಿ ಕೇಳಿದೆ. ಮೇಷ್ಟ್ರು ಬೋರ್ಡಿನ ಮೇಲೆ ಬಿಡಿಸಿದರು: ಖ, ಹ, ರ, ವ, ಅ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಪಂಚಭೂತಗಳ ಬೀಜಾಕ್ಷರ! ಲಿಪಿ ಸಿದ್ಧಂ, ಹಿಂದೆ ನಮ್ಮಲ್ಲಿ ಸಂಸ್ಕೃತ ಬರೀತಿದ್ದ ಲಿಪಿ. 804ರಲ್ಲಿ ಚೀನಾಕ್ಕೆ ಹೋಗಿ 806ರಲ್ಲಿ ಮರಳಿದ ಕೂಕಾಯ್ ಎಂಬ ಭಿಕ್ಷು ತಂದ ವಿದ್ಯೆಯಲ್ಲಿ ಇದೂ ಒಂದು. ಆ ಮರದ ಪಟ್ಟಿಗೆ ಸೊತೊಬಾ ಅಂತ ಹೆಸರು. ನಮ್ಮ 'ಸ್ತೂಪ'ವೇ ಬಾಯಿಂದ ಬಾಯಿಗೆ ದಾಟಿ ಹಾಗಾಗಿದೆ.

ಆ ಪಟ್ಟಿಗಳು ಮಳೆ ಬಿಸಿಲಿಗೆ ಕೆಲವೇ ವರ್ಷದಲ್ಲಿ ಕಪ್ಪಾಗ್ತವೆ, ಮನೆಯವರು ಹೊಸದು ಬರೆಸಿ ನಿಲ್ಲಿಸ್ತಾರೆ. ಮರ ಹೊಸದು, ಅಕ್ಷರ ಸಾವಿರದಿನ್ನೂರು ವರ್ಷದ್ದು. ಇಸೆ ಅನ್ನೋ ಊರಿನ ಶಿಂಟೋ ಗುಡಿಯನ್ನಂತೂ 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಪೂರಾ ಹೊಸದಾಗಿ ಕಟ್ತಾರೆ. ಕಳೆದ ಸಲ ಕಟ್ಟಿದ್ದು 2013ರಲ್ಲಿ. ನನ್ನ ಪ್ರಬಂಧ ಇದರ ಮೇಲೇ ಆಯಿತು. ಈ ಸಲ ಕೆಂಪಿಂಕು ಕಡಿಮೆ.

ಹಿರೋಶಿಮಾ ಬಗ್ಗೆ ಜಾಸ್ತಿ ಬರೆಯಲ್ಲ. ಹೋಗೋ ಹಿಂದಿನ ದಿನ ಕ್ಲಾಸಲ್ಲಿ ಹೇಳಿದ್ದು: ಅಣುಬಾಂಬಿನ ಗುರಿಗಳ ಪಟ್ಟಿಯಲ್ಲಿ ಕ್ಯೋಟೊ ಕೂಡ ಇತ್ತು, ಅಮೆರಿಕದ ಯುದ್ಧಮಂತ್ರಿ ಸ್ಟಿಮ್ಸನ್ ಪಟ್ಟು ಹಿಡಿದು ತೆಗೆಸಿದ್ದು. ನಾವು ಕೂತಿದ್ದ ಕೋಣೆ ಒಂದು ನಿಮಿಷ ಸ್ತಬ್ಧ. ಮರುದಿನ ಮ್ಯೂಸಿಯಮ್ಮಲ್ಲಿ 8:15ಕ್ಕೆ ನಿಂತ ಕೈಗಡಿಯಾರದ ಮುಂದೆ ಯಾರೂ ಮೊಬೈಲ್ ತೆಗೀಲಿಲ್ಲ.

ಹೋಗಿಯಮ್ಮ. ಆದರೆ ಹೊರಡೋ ಮುಂಚೆ ಒಂದು ಪ್ರಶ್ನೆ ಇಟ್ಟುಕೊಂಡು ಹೋಗಿ. ಅದು ಅಲ್ಲಿ ಬದಲಾದರೂ ಅಡ್ಡಿಯಿಲ್ಲ.

ಮೊದಲ ಬೆಂಚು

ಸರ್, ಎರಡು ಸಲ ಓದಿದೆ. ವೀಸಾ, ಕ್ರೆಡಿಟ್ ವಿಚಾರ ಹೇಗೆ? ಭಾಷೆ ಬರದೆ ತೊಂದರೆ ಆಗಲಿಲ್ವಾ?

ಹಳೇ ನೋಟ್‌ಬುಕ್

ಮೂರು ವಾರ ತಾನೆ, 90 ದಿನದ ಒಳಗಿನ ತಾತ್ಕಾಲಿಕ ಭೇಟಿ ವೀಸಾದಲ್ಲೇ ನಾವು ಹೋಗಿದ್ದು. ಅದರಲ್ಲಿ ಅಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡೋ ಹಾಗಿಲ್ಲ. ಕ್ರೆಡಿಟ್ ಎಷ್ಟು ಸೇರುತ್ತೆ ಅನ್ನೋದನ್ನ ಹೊರಡೋ ಮುಂಚೆ ವಿಭಾಗದಿಂದ ಬರಹದಲ್ಲಿ ತಗೊಳ್ಳಿ. ನಾನು ಬಾಯಿಮಾತು ನಂಬಿ, ಬಂದ ಮೇಲೆ ಎರಡು ತಿಂಗಳು ಆಫೀಸಿಗೆ ಅಲೆದೆ. ಭಾಷೆಗೆ ಕತಕಾನ ಲಿಪಿ ಕಲೀರಿ, ಮೂಲ ಅಕ್ಷರ 46, ವಾರ ಸಾಕು. ಗುಡಿಗಳ ಟಿಕೆಟ್‌ಗೆ ಚಿಲ್ಲರೆ ಯೆನ್ ಕೈಯಲ್ಲಿರಲಿ. ಮೈಲಿಗಟ್ಟಲೆ ನಡೀಬೇಕು, ಹೊಸ ಶೂ ಬೇಡ.

ಸುಮ್ನೆ ಓದುಗ

ಟೂರ್ ಅಂದಿದ್ದು ನಾನೇ. ವಾಪಸ್ ತಗೊಳ್ಳಲ್ಲ, ಆದರೆ ಆ ಐದಕ್ಷರದ ಪುಟ ಇದ್ದರೆ ಇಲ್ಲಿ ಹಾಕಿ ಸರ್.

ಹಳೇ ನೋಟ್‌ಬುಕ್

ಇದೆ, ಹುಡುಕಿ ಸ್ಕ್ಯಾನ್ ಮಾಡಿ ಹಾಕ್ತೀನಿ. 'ವ' ತಲೆಕೆಳಗಾಗಿ ಬರೆದಿದ್ದೀನಿ, ನಗಬೇಡಿ.