ಗುಜರಿಯ ಕ್ರೋಮ್ ಬಂಪರ್, ಹಳೇ ಹೈಲಕ್ಸ್: ಶಾರ್ಜಾದ ಡೆಂಟರ್‌ಗೆ ಕೇಳಿ

ಕಾಪು ಕಡಲು: 1994ರ ಟೊಯೋಟಾ ಹೈಲಕ್ಸ್ ಪಿಕಪ್‌ಗೆ ಇಂಡಸ್ಟ್ರಿಯಲ್ ಏರಿಯಾದ ಗುಜರಿಯಿಂದ ಕ್ರೋಮ್ ಬಂಪರ್ ತಂದೆ. ಒಂದು ಮೂಲೆ ಒಳಗೆ ಹೋಗಿದೆ. ಗ್ಯಾಸ್ ಬೆಂಕಿ ಹಿಡಿದು ಬಿಸಿ ಮಾಡಿ ಬಡಿಯಬಹುದಾ?

ಡೆಂಟರ್: ಗ್ಯಾಸ್ ಹಿಡಿದ್ರೆ ಕ್ರೋಮ್ ಬಣ್ಣ ಕೆಟ್ಟು ಸಿಪ್ಪೆ ಏಳ್ತದೆ. ತಣ್ಣಗೇ ಎಬ್ಬಿಸಬೇಕು. ಹಿಂದಿನಿಂದ ಮರದ ತುಂಡು ಕೊಟ್ಟು ಜಾಕ್‌ನಲ್ಲಿ ನಿಧಾನ ಒತ್ತಿ. ಬಿಟ್ಟ ಕೂಡ್ಲೇ ತುಸು ವಾಪಸ್ ಹೋಗ್ತದೆ, ಹಾಗಾಗಿ ಒಂದೆಳೆ ಜಾಸ್ತಿಯೇ ಒತ್ತಿ. ಮುಖದ ಕಡೆ ಸುತ್ತಿಗೆ ತಾಗಿಸ್ಬೇಡಿ.

ಹಾಸನದ ಹೈದ: ತುಕ್ಕಿಗೆ ಟಾಯ್ಲೆಟ್ ಕ್ಲೀನರ್ ಸೂಪರ್ ಅಂತ ಫಾರ್ವರ್ಡ್ ಬಂದಿದೆ ಗುರೂ.

ಡೆಂಟರ್: ಅಂಥದ್ರಲ್ಲಿ ಹೆಚ್ಚಾಗಿ ಇರುದು ಹೈಡ್ರೋಕ್ಲೋರಿಕ್ ಆಸಿಡ್. ಪ್ಲೇಟಿಂಗ್‌ನವ್ರು ಹಳೇ ಕ್ರೋಮ್ ಕರಗಿಸುದೇ ಆ ಆಸಿಡ್‌ನಲ್ಲಿ. ಸಣ್ಣ ಚುಕ್ಕೆಗೆ ಅಡುಗೆಮನೆ ಫಾಯಿಲ್ ನೀರಲ್ಲಿ ಅದ್ದಿ ಉಜ್ಜಿ.

ಬಹರೈನ್ ಬಾವ: ನಾನು ಫಾಯಿಲ್‌ಗೆ ನೀರಿನ ಬದಲು ಕೋಲಾ ಹಾಕಿದ್ದು, ಫಳಫಳ.

ಡೆಂಟರ್: ಹೊಳೆಸಿದ್ದು ಫಾಯಿಲ್. ಕೋಲಾ ಕುಡೀರಿ.

ಅಜ್ಮಾನ್ ಅಣ್ಣ: ನಂದೂ ಹೈಲಕ್ಸೇ. ಮೊದಲೊಮ್ಮೆ ಎಡಮುಂದೆ ಗುದ್ದಿತ್ತು. ಈಗ ಬೇರೆ ಬಂಪರ್ ಇಟ್ಟರೆ ಎಡಗಡೆ ಎರಡು ಬೆರಳು ಕೆಳಗೆ, ತೂತೂ ಕೂಡುದಿಲ್ಲ. ಕಂಬಕ್ಕೆ ಚೈನ್ ಕಟ್ಟಿ ರಿವರ್ಸ್ ಹೊಡೆಯುವ ವಿಡಿಯೋ ನೋಡಿದೆ. ಮಾಡ್ಲಾ?

ಡೆಂಟರ್: ಬೇಡವೇ ಬೇಡ ಮಾರಾಯ್ರೆ. ಚೈನ್ ತುಂಡಾದ್ರೆ ಬರುದು ಮುಂದಿನ ಗಾಜಿಗೆ, ಗಾಜಿನ ಹಿಂದೆ ನೀವು. ನಿಮ್ಮ ಬಂಪರ್ ಸರಿಯೇ ಇರಬಹುದು. ಬಂಪರನ್ನು ಚಾಸಿಗೆ ಹಿಡಿಸುವ ಬ್ರಾಕೆಟ್ ಎರಡನ್ನೂ ಬಿಚ್ಚಿ ನೆಲದ ಮೇಲೆ ಅಕ್ಕಪಕ್ಕ ಇಡಿ. ಅವು ಸರಿ ಇದ್ರೆ ಬಾಗಿದ್ದು ಚಾಸಿಯ ತುದಿ. ಸಮ ನೆಲದಲ್ಲಿ ನಿಲ್ಲಿಸಿ ಎರಡೂ ತುದಿಯ ಎತ್ತರ ಅಳೆಯಿರಿ, ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ.

ನನಗೆ ಹೆದರಿಕೆ ಬೇರೆ. ಇಲ್ಲಿಯ ಗಾಡಿಗೆ ಸ್ಟೀರಿಂಗ್ ಬಾಕ್ಸ್ ಕೂತಿರುದು ಅದೇ ಎಡ ಚಾಸಿಗೆ. ಅದರ ಬೋಲ್ಟ್ ಸುತ್ತ ಗ್ರೀಸ್ ಮಣ್ಣು ಪೂರಾ ಒರೆಸಿ ಟಾರ್ಚ್ ಬಿಡಿ. ಕೂದಲಿನಷ್ಟು ಸಪೂರ ಕಂದು ಗೆರೆ ಕಂಡ್ರೆ ಅದು ಬಿರುಕು, ಗಾಡಿ ಅಲ್ಲೇ ಇರ್ಲಿ. ಚಾಸಿ ಸರಿಯಾದ ಮೇಲೆ ಬಂಪರ್: ಬೋಲ್ಟೆಲ್ಲ ಕೈಯಲ್ಲೇ ಹಿಡಿಸಿ, ಫೆಂಡರ್ ಸಂದು ಎರಡೂ ಕಡೆ ನೋಡಿ, ಆಮೇಲೆ ಬಿಗಿ ಮಾಡಿ.

ಹಾಸನದ ಹೈದ: ಇಷ್ಟೆಲ್ಲ ಯಾಕೆ? ನಾನು ನನ್ನ ಪಿಕಪ್ ಮುಂದೆ ಬುಲ್‌ಗಾರ್ಡ್, ಅದೇ ಕಬ್ಬಿಣದ ಕಂಬಿ, ವೆಲ್ಡ್ ಮಾಡಿಸ್ದೆ, ಬಂಪರ್ ಗೊಡವೆನೇ ಇಲ್ಲ.

ಮಂಡ್ಯ ಮೋಟಾರ್: ದಂಡ ಕಟ್ಟೋಕೆ ರೆಡಿ ಇರಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಸಾರಿಗೆ ಸಚಿವಾಲಯ ಬುಲ್‌ಗಾರ್ಡ್ ಹಾಕಿದವರ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ.

ಹಾಸನದ ಹೈದ: ನಮ್ ಕಡೆ ರಾತ್ರಿ ರೋಡಲ್ಲಿ ದನ ಅಡ್ಡ ಬರ್ತವೆ. ಸಚಿವಾಲಯ ಬಂದು ಓಡಿಸುತ್ತಾ?

ಮಂಡ್ಯ ಮೋಟಾರ್: ದನ ಬಿಡಿ, ಮನುಷ್ಯ ಅಡ್ಡ ಬಂದ್ರೆ ಅವನ ಸೊಂಟ ಉಳಿಯಲ್ಲ.

ಹಾಸನದ ಹೈದ: ನೀವು ಸ್ಕೂಟರ್‌ನೋರು, ನಿಮಗೇನ್ ಗೊತ್ತು.

ಡೆಂಟರ್: ಇನ್‌ಬಾಕ್ಸಲ್ಲಿ ಹೊಡೆದಾಡಿ.

ಉಡುಪಿ ಉಪ್ಪು: ರೀಕ್ರೋಮ್ ಮಂಗಳೂರಲ್ಲಿ ಯಾರು ಚೆನ್ನಾಗಿ ಮಾಡ್ತಾರೆ?

ಬಹರೈನ್ ಬಾವ: ಗ್ಯಾಸ್ ಸ್ವಲ್ಪವೇ ಹಿಡಿದ್ರೆ?

ಡೆಂಟರ್: ಮೇಲೆ ಓದಿ.

ಅಜ್ಮಾನ್ ಅಣ್ಣ: ಒರೆಸಿದೆ. ಕೆಳಗಿನ ಬೋಲ್ಟ್ ಹತ್ರ ಗೆರೆ ಉಂಟು. ನಾಳೆ ಅಬುಧಾಬಿಗೆ ಲೋಡ್ ಉಂಟಲ್ಲ, ಹೋಗಿ ಬಂದು ತರ್ಲಾ?

ಡೆಂಟರ್: ಲೋಡ್ ಬೇರೆಯವರಿಗೆ ಕೊಡಿ. ಕೆಟ್ಟ ಗಾಡಿ ಹೊತ್ತು ತರುವ ರಿಕವರಿ ಲಾರಿಯಲ್ಲಿ ಹಾಕಿ ತನ್ನಿ. ಪೊಲೀಸ್ ರಿಪೋರ್ಟ್ ಸಹ ತನ್ನಿ, ಅದಿಲ್ಲದೆ ಇಲ್ಲಿ ಗುದ್ದಿದ ಗಾಡಿ ಮುಟ್ಟುವ ಹಾಗಿಲ್ಲ.

ಅಜ್ಮಾನ್ ಅಣ್ಣ: ರಿಪೋರ್ಟ್ ಆಗ ಮಾಡಿಸ್ಲಿಲ್ಲ.

ಡೆಂಟರ್: ಹಾಗಾದ್ರೆ ಮೊದ್ಲು ಠಾಣೆಗೆ ಹೋಗಿ. ಟ್ಯಾಕ್ಸಿಯಲ್ಲಿ.

ಬಹರೈನ್ ಬಾವ: ಹೇರ್ ಡ್ರೈಯರ್ ಆದ್ರೆ ಆಗ್ತದಾ?